ಫರ್ನೇಸ್ ಮಾವನ ಬಚ್ಚಲೊಲೆ

ಹೋದ ತಿಂಗಳು ನಮ್ಮ ತುಮಕೂರಿನ ಮನೆಯ ನೀರಿನ ಫಿಲ್ಟರು ಕೆಟ್ಟಿತು. ರಿಪೇರಿಯವನು ಬಂದು ಒಳಗಿನ ಹಳೆಯ ಕೊಳವೆಯನ್ನು ತಿರುಚಿ ತೆಗೆಯುವಾಗ ಅದರ ಮುಚ್ಚಳ ಸೀಳಿ, ಕಪ್ಪು ಹರಳು ಸಿಂಕಿನ ತುಂಬ ಚೆಲ್ಲಿತು. ಒರಟು ಸಕ್ಕರೆಗೆ ಮಸಿ ಬಳಿದಂತಿತ್ತು.

"ಇದೇನಪ್ಪ ಇದು?" ಎಂದೆ.

"ಇದ್ದಲು ಸಾರ್. ತೆಂಗಿನ ಚಿಪ್ಪಿಂದು. ನೀರಿನ ವಾಸನೆನೆಲ್ಲ ಇದೇ ಹೀರ್ಕೊಳ್ಳೋದು. ನಿಮ್ ಕಡೆಯಿಂದಾನೇ ಹೋಗುತ್ತಲ್ಲ ಸಾರ್, ತಿಪಟೂರು ಕಡೆಯಿಂದ."

ಒಂದು ಚಿಟಿಕೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಮೂಸಿದೆ. ಹಸಿ ಮಣ್ಣು ಕಾದ ವಾಸನೆ, ಅದರೊಳಗೆ ಸಣ್ಣಗೆ ಸಿಹಿಯಾದ ಹೊಗೆ... ಒಂದು ಕ್ಷಣ ನಾನು ಅಡುಗೆಮನೆಯಲ್ಲಿ ಇರಲಿಲ್ಲ. ಆಮೇಲೆ ಬುದ್ಧಿ ಬಂತು. ವರ್ಷಗಟ್ಟಲೆ ಕೊಳಾಯಿ ನೀರಿನಲ್ಲಿ ನೆನೆದ ಇದ್ದಲಿಗೆ ಹೊಗೆಯ ವಾಸನೆ ಎಲ್ಲಿಂದ ಬರಬೇಕು? ರಿಪೇರಿಯವನ ಮೂಗಿಗೂ ಹಿಡಿದೆ. "ಏನೂ ಬರ್ತಿಲ್ವಲ್ಲ ಸಾರ್" ಎಂದ. ಅವನೇ ಸರಿ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ನಾನು, "ಇದು ನಿಮಗೆ ಹೇಗೆ ಗೊತ್ತು?" ಎಂದು ವಿದ್ಯಾರ್ಥಿಗಳನ್ನು ಪೀಡಿಸುವುದನ್ನೇ ಕಸುಬು ಮಾಡಿಕೊಂಡವನು. ಅಂಥವನ ಮೂಗೇ ಹೀಗೆ ಸುಳ್ಳುಸಾಕ್ಷಿ ಹೇಳಿತು. ಆದರೂ ಅದು ಯಾರ ಹೊಗೆ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ.

ನಮ್ಮೂರು ಹೊನ್ನವಳ್ಳಿಗೆ ಹತ್ತಿರ. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ, ಕೆಲಸ ಸಿಗದೆ, ಊರಿಗೆ ಬಂದು ಕೂತಿದ್ದ ಕಾಲ ಅದು. ನಮ್ಮ ಬೀದಿಯ ಕೊನೆಯ ಮನೆಗೆ, ಎಷ್ಟೋ ವರ್ಷ ಬೀಗ ಹಾಕಿದ್ದ ಮನೆಗೆ, ಒಂದು ಸಂಸಾರ ಬಂದಿಳಿಯಿತು. ಹೆಂಡತಿ ನಮ್ಮೂರ ಹೆಣ್ಣುಮಗಳು, ಅದು ಅವರ ತವರಿನ ಪಾಲಿಗೆ ಬಂದ ಮನೆ. ಗಂಡ ಕೆಂಕೆರೆ ಕಡೆಯವರು. ಜೊತೆಗೆ ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳು. ಗಂಡ ಮಲೆನಾಡಿನ ಅಂಚಿನ ಉಕ್ಕಿನ ಕಾರ್ಖಾನೆಯಲ್ಲಿ, ಅದಿರು ಕರಗಿಸುವ ಕುಲುಮೆಯ ಮುಂದೆ, ಮೀಸೆ ಚಿಗುರಿದಾಗಿನಿಂದ ಕೆಲಸ ಮಾಡಿದವರು. ಆ ಕುಲುಮೆಯನ್ನು ಕಾರ್ಖಾನೆಯವರು ಆರಿಸಿಬಿಟ್ಟಿದ್ದರು. ನಿವೃತ್ತಿಗೆ ಇನ್ನೂ ಕಾಲ ಇರುವಾಗಲೇ ಮನೆಗೆ ಕಳಿಸಿದವರಲ್ಲಿ ಇವರೂ ಒಬ್ಬರು. ಮೊದಮೊದಲು ಬೀದಿಯವರು ತಮಾಷೆಗೆ "ಫರ್ನೇಸ್ ಮಾವ" ಎಂದರು. ಆಮೇಲೆ ಅದೇ ಹೆಸರಾಗಿ ನಿಂತಿತು. ನನಗೂ ಅವರು ಮಾವ, ಅವರ ಹೆಂಡತಿ ಅತ್ತೆ.

ಅವರು ಬಂದಾಗ ಒಂದು ದೊಡ್ಡ ಕಬ್ಬಿಣದ ಟ್ರಂಕು ತಂದಿದ್ದರು. ಅದನ್ನು ನಡುಮನೆಯಲ್ಲಿ ಇಳಿಸಿದ್ದು ಅಷ್ಟೇ, ಬಿಚ್ಚಲಿಲ್ಲ. ಹಗ್ಗ ಕಟ್ಟಿದಂತೆಯೇ ಇತ್ತು. ಅತ್ತೆ ಅದರ ಮೇಲೆ ಒಂದು ಹಳೇ ಸೀರೆ ಹಾಸಿ, ಬಂದವರನ್ನು ಕೂರಿಸುತ್ತಿದ್ದರು. "ಕೂತ್ಕೊಳಪ್ಪ, ನಮ್ ರೈಲ್ವೆ ಸ್ಟೇಷನ್ ಇದು" ಎಂದು ನಗುತ್ತಿದ್ದರು. ಹೇಳುವಾಗ ಗಂಡನ ಕಡೆ ನೋಡುತ್ತಿರಲಿಲ್ಲ.

ಮಾವ ಬಿಚ್ಚಿದ್ದು ಒಂದೇ ಸಾಮಾನು. ಬೆಂಕಿಪೆಟ್ಟಿಗೆಗಿಂತ ಕೊಂಚ ದೊಡ್ಡದಾದ ಮರದ ಚೌಕಟ್ಟು, ಅದರಲ್ಲಿ ಕಡುನೀಲಿ ಗಾಜು. ಕುಲುಮೆಯ ಬೆಂಕಿಯನ್ನು ಬರಿಗಣ್ಣಿನಲ್ಲಿ ನೋಡಿದರೆ ಕಣ್ಣು ಹೋಗುತ್ತದೆ, ಈ ಗಾಜಿನಲ್ಲೇ ನೋಡಬೇಕು ಎಂದು ನನಗೆ ವಿವರಿಸಿದ್ದರು. ಅದು ಸದಾ ಅಂಗಿಯ ಜೇಬಿನಲ್ಲಿ. ಆ ಗಾಜು ಹಿಡಿದು ಅವರು ಈಗ ನೋಡುತ್ತಿದ್ದದ್ದು ತಮ್ಮ ಮನೆಯ ಬಚ್ಚಲೊಲೆಯನ್ನು.

ಬಚ್ಚಲೊಲೆ ನಮ್ಮ ಕಡೆ ಬೆಳಗ್ಗೆ ಹಚ್ಚಿ, ಎಲ್ಲರ ಸ್ನಾನ ಮುಗಿದ ಮೇಲೆ ಬಿಟ್ಟುಬಿಡುವಂಥದ್ದು. ಹಿತ್ತಲಲ್ಲಿ ತೆಂಗಿನ ಮಟ್ಟೆ, ಸೋಗೆ ಯಾವಾಗಲೂ ಬಿದ್ದಿರುತ್ತವೆ, ಎರಡು ತುರುಕಿದರೆ ಹಂಡೆ ಕಾಯುತ್ತದೆ. ಮಾವನ ಮನೆಯ ಒಲೆ ಮಾತ್ರ ಆರುತ್ತಲೇ ಇರಲಿಲ್ಲ. ಹೊತ್ತುಹೊತ್ತಿಗೆ ಬೂದಿ ಎಳೆದು, ಕೆಂಡ ಕೆದಕಿ, ಹೊಸ ಮಟ್ಟೆ ಕೊಟ್ಟು, ನೀಲಿ ಗಾಜಿನಲ್ಲಿ ಒಮ್ಮೆ ನೋಡಿ ಏಳುತ್ತಿದ್ದರು. ಮದುವೆಗೋ ತಿಥಿಗೋ ಹೋಗಬೇಕಾದರೆ ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗುತ್ತಿದ್ದರು. ದನ ಒಪ್ಪಿಸಿ ಹೋಗುವ ಹಾಗೆ.

"ಯಾಕ್ ಮಾವ ಇಷ್ಟೊಂದು?" ಎಂದು ಕೇಳಿದ್ದೆ.

"ಹಚ್ಚಿದ್ ಮೇಲೆ ಆರಿಸ್ಬಾರ್ದು ಕಣಯ್ಯ. ತಣ್ಣಗಾದ್ರೆ ಒಳಗಿರೋದೆಲ್ಲ ಗಟ್ಟಿ ಕೂತ್ಕಂಡ್ಬುಡ್ತದೆ. ಮತ್ತೆ ಹಚ್ಚೋದು ಅಂದ್ರೆ ಹುಡುಗಾಟ ಅಲ್ಲ."

ಹಂಡೆಯೊಳಗಿನ ನೀರು ಹೇಗೆ ಗಟ್ಟಿ ಕೂರುತ್ತದೆ ಎಂದು ಕೇಳಲು ಬಾಯಿಗೆ ಬಂದಿತ್ತು. ಕೇಳಿದೆನೋ ಇಲ್ಲವೋ, ನೆನಪಿಲ್ಲ.

ಬೀದಿಗಂತೂ ಇದರಿಂದ ಅನುಕೂಲವೇ ಆಯಿತು. ಬಾಣಂತಿಗೆ ನೀರು ಬೇಕೆಂದರೆ ಅಲ್ಲಿ. ಕೆಂಡ ಬೇಕೆಂದರೆ ಅಲ್ಲಿ. ದೀಪ ಹಚ್ಚಿದ ಮೇಲೆ ಮನೆಯಿಂದ ಬೆಂಕಿ ಹೊರಗೆ ಕೊಡಬಾರದು ಎನ್ನುವುದು ನಮ್ಮಲ್ಲಿ ನಡೆದುಬಂದದ್ದು. ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂದು ಹೆಂಗಸರು ಅಂಜುತ್ತಿದ್ದರು. ಮಾವ ಮಾತ್ರ ಯಾವ ಹೊತ್ತಿನಲ್ಲಿ ಯಾರು ಬಂದರೂ ಒಡೆದ ಓಡಿನ ಚೂರಿನ ಮೇಲೆ ಕೆಂಡ ಹಾಕಿ ಕೊಡುತ್ತಿದ್ದರು. "ಬೆಂಕಿ ಕೊಟ್ರೆ ಕಮ್ಮಿ ಆಗೋ ಸಾಮಾನಲ್ಲ, ತಗೊಂಡೋಗಮ್ಮ" ಎನ್ನುತ್ತಿದ್ದರು. ಅತ್ತೆ ಒಳಗಿನಿಂದ, "ಲಕ್ಷ್ಮಿ ಆ ಟ್ರಂಕಿನ್ ಮ್ಯಾಲೆ ಕೂತವ್ಳೆ ಬುಡು, ಅವಳಿಗೂ ರೈಲ್ ಬಂದಿಲ್ಲ" ಎಂದು ಕೂಗುತ್ತಿದ್ದರು.

ಅತ್ತೆಗೆ ಒಂದೇ ಆಸೆ. ಕೆರೆ ಏರಿಯ ಆಚೆ ಅವರ ಪಾಲಿಗೆ ಬಂದ ಅರ್ಧ ಎಕರೆ ನೆಲ ಇತ್ತು. ಅದರಲ್ಲಿ ತೆಂಗಿನ ಸಸಿ ಇಡಬೇಕು. ಸಸಿಗೆ ಹೇಳಿಯೂ ಇಟ್ಟಿದ್ದರು. ಮಾವ ಒಪ್ಪುತ್ತಿರಲಿಲ್ಲ. ತೆಂಗು ಫಲಕ್ಕೆ ಬರುವಷ್ಟು ಕಾಲ ನಾವಿಲ್ಲಿ ಎಲ್ಲಿರುತ್ತೇವೆ, ಕುಲುಮೆಯನ್ನು ಮತ್ತೆ ಹಚ್ಚುತ್ತಾರೆ, ಕರೆ ಬಂದೇ ಬರುತ್ತದೆ, ಎಂಬುದು ಅವರ ವಾದ. ತಿಪಟೂರಿನಲ್ಲಿ ರೈಲು ಹತ್ತಿ ಬೀರೂರಿನಲ್ಲಿ ಬದಲಿಸಿದರೆ ಸಂಜೆಯೊಳಗೆ ಅಲ್ಲಿರಬಹುದು ಎಂದು ದಾರಿಯ ಲೆಕ್ಕವನ್ನೂ ಹೇಳುತ್ತಿದ್ದರು. ಟ್ರಂಕು ಬಿಚ್ಚದಿರುವುದೂ, ಸಸಿ ಇಡದಿರುವುದೂ, ಒಲೆ ಆರಿಸದಿರುವುದೂ ಎಲ್ಲ ಒಂದೇ ಹಟ ಎಂದು ಬೀದಿಗೆಲ್ಲ ಗೊತ್ತಿತ್ತು.

ನನಗೆ ಪತ್ರಿಕೆ ಓದುವ ಚಟ. ಕಾರ್ಖಾನೆಯ ಸುದ್ದಿ ಬಂದ ದಿನ ಮಾವ ನಮ್ಮ ಜಗಲಿಯಲ್ಲಿ ಹಾಜರು. "ಓದಯ್ಯ ಮೇಷ್ಟ್ರೆ" ಎನ್ನುತ್ತಿದ್ದರು, ಮೇಷ್ಟ್ರ ಕೆಲಸ ಇನ್ನೂ ಸಿಗದ ನನ್ನನ್ನು ಚುಚ್ಚುತ್ತಾ. ನಾನು ಓದುತ್ತಿದ್ದೆ: ಪುನಶ್ಚೇತನದ ಪ್ರಸ್ತಾವ ಪರಿಶೀಲನೆಯಲ್ಲಿದೆ. ನಾನು ಹೇಳುತ್ತಿದ್ದೆ, ಮಾವ, 'ಪರಿಶೀಲನೆಯಲ್ಲಿದೆ' ಎಂದರೆ ಯಾರೂ ಏನೂ ಮಾಡುತ್ತಿಲ್ಲ ಎಂದರ್ಥ. ಅದಿರು ಅಗ್ಗವಾಗಿ ಸಿಗುವ ಕಡೆ, ಸಮುದ್ರದ ಬಂದರು ಹತ್ತಿರವಿರುವ ಕಡೆ ದೊಡ್ಡ ದೊಡ್ಡ ಕುಲುಮೆ ಎದ್ದಿವೆ, ನಿಮ್ಮದು ಚಿಕ್ಕದು, ಹಳೆಯದು... ಅವರು ಸಿಟ್ಟಾಗುತ್ತಿರಲಿಲ್ಲ. ಚಿಕ್ಕನಾಯಕನಹಳ್ಳಿ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಆಗ ಓಡಾಡುತ್ತಿದ್ದವು. ಆಮೇಲೆ ಅವೂ ನಿಂತವು. ಆ ಲಾರಿಗಳ ಕೆಂಪು ಧೂಳು ತೋರಿಸಿ, "ಮಣ್ಣು ಇನ್ನೂ ಅದೆ, ಕಬ್ಬಿಣ ಯಾರಿಗೂ ಬ್ಯಾಡ್ವಾ?" ಎನ್ನುತ್ತಿದ್ದರು. ಅದಕ್ಕೆ ನನ್ನ ಎಂ.ಎ.ಯಲ್ಲಿ ಉತ್ತರ ಇತ್ತು. ಉತ್ತರ ಹೇಳಿಯೂ ಹೇಳಿದ್ದೆ. ಅವರಿಗೆ ಅದು ಬೇಕಾಗಿರಲಿಲ್ಲ, ಅಷ್ಟೇ.

ಕುಲುಮೆ ಆರಿಸಿದ ದಿನದ ಬಗ್ಗೆ ಅವರು ನನಗೆ ಒಂದೇ ಸಲ ಹೇಳಿದ್ದು. ಕುಲುಮೆಯ ಜೀವ ಅದಕ್ಕೆ ಕೆಳಗಿನಿಂದ ಊದುವ ಬಿಸಿಗಾಳಿಯಲ್ಲಿದೆಯಂತೆ. ಆ ಗಾಳಿಯ ಮೊರೆತ ಇಡೀ ಊರಿಗೆ ಕೇಳುತ್ತಿತ್ತಂತೆ. ಅಲ್ಲಿಯ ಕೂಸುಗಳಿಗೆ ಆ ಸದ್ದಿನಲ್ಲೇ ಮಲಗಿ ಅಭ್ಯಾಸವಾಗಿತ್ತಂತೆ. ಆವತ್ತು ಗಾಳಿ ಕಟ್ಟಿದರು, ಊದುವುದನ್ನೇ ನಿಲ್ಲಿಸಿದರು. ತಳದಲ್ಲಿ ಉಳಿದ ಕೊನೆಯ ಕಬ್ಬಿಣವನ್ನು ತೂತು ಕೊರೆದು ಹರಿಯಬಿಟ್ಟರು. "ಯಾರೂ ಅಳಲಿಲ್ಲ ಕಣಯ್ಯ. ಆ ಶಬ್ದ ನಿಂತೋಯ್ತಲ್ಲ, ಕಿವಿ ನೋಯೋಕೆ ಶುರುವಾಯ್ತು. ಎಲ್ರೂ ಕಿವಿ ಉಜ್ಜಿಕೊಂಡು ನಿಂತಿದ್ವಿ" ಎಂದರು. ಆಮೇಲೆ ಎದ್ದು ಒಲೆ ನೋಡಲು ಹೋದರು.

ಆ ವರ್ಷ ಮಳೆ ಬಿಡದೆ ಹಿಡಿಯಿತು. ಸೈಕ್ಲೋನ್ ಮಳೆ. ನಮ್ಮಲ್ಲಿ ಕಾಯಿ ಕೆಡವಿ ಸುಲಿಯದೆ ಹಾಗೇ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪು ಬಿಟ್ಟು ಗುಂಡಗೆ ಕೊಬ್ಬರಿಯಾಗಬೇಕು. ಅದಕ್ಕೆ ಅವಸರ ಆಗುವುದಿಲ್ಲ. ಥಂಡಿ ಹಿಡಿದರೆ ಬೂಷ್ಟು ಬರುತ್ತದೆ ಎಂದು ಮಳೆಗಾಲದಲ್ಲಿ ಅಟ್ಟದ ಕೆಳಗೆ ಸಣ್ಣಗೆ ಹೊಗೆ ಹಾಕುವುದುಂಟು. ಅದೇ ಬೀದಿಗೆ ಮದುವೆಯಾಗಿದ್ದ ನನ್ನ ಅಕ್ಕನ ಅಟ್ಟದಲ್ಲಿ ಇಡೀ ವರ್ಷದ ಕಾಯಿ ಇತ್ತು. ಅವಳ ಗಂಡನ ತಾಯಿಗೆ ಹುಷಾರಿಲ್ಲದೆ ಗಂಡ ಹೆಂಡತಿ ಇಬ್ಬರೂ ತಿಪಟೂರಿನ ಆಸ್ಪತ್ರೆಯಲ್ಲಿ ಉಳಿಯಬೇಕಾಗಿ ಬಂತು. ಹೊಗೆ ನೋಡಿಕೊಳ್ಳಲು ಯಾರಿಗೆ ಹೇಳುವುದು? ಬೆಂಕಿ ಎಂದರೆ ಬೀದಿಗೆ ಒಬ್ಬರೇ.

ಮಾವ ಎಷ್ಟು ಖುಷಿಪಟ್ಟರೆಂದರೆ, ಅಂದು ಕಾರ್ಖಾನೆಯ ಬೂಟು ಹಾಕಿಕೊಂಡರು. ಆ ಬೂಟು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಬೂಟು ಟ್ರಂಕಿನಲ್ಲಿದ್ದವು, ಟ್ರಂಕು ಬಿಚ್ಚಿರಲಿಲ್ಲ. ಆದ್ದರಿಂದ ಇದು ನನ್ನ ನೆನಪು ಆಮೇಲೆ ಅವರ ಕಾಲಿಗೆ ಹಾಕಿದ ಬೂಟು ಇರಬೇಕು.

ಅಟ್ಟದ ಕೆಳಗಿನ ಮಂದಹೊಗೆ ಅವರ ಕಣ್ಣಿಗೆ ಬೆಂಕಿ ಅನ್ನಿಸಲೇ ಇಲ್ಲ. ಉಸಿರಾಡದ ಬೆಂಕಿ ಸತ್ತ ಬೆಂಕಿ ಎಂದು ಕಲಿತ ಮನುಷ್ಯ. ಗೋಡೆಯ ಬುಡದಲ್ಲಿ ಎರಡು ಕಡೆ ಇಟ್ಟಿಗೆ ಕಿತ್ತು ಗಾಳಿಗೆ ದಾರಿ ಮಾಡಿದರು. ರಾಗಿ ತೂರುವ ಫ್ಯಾನು ತಂದು ಇಟ್ಟರು. ಮಟ್ಟೆ ಧಗಧಗ ಉರಿಯಿತು. ದಾರಿಯಲ್ಲಿ ಹೋಗುವವರು ನಿಂತು, "ಏನ್ ಮಾವ, ಕೊಬ್ಬರಿ ಕರಗ್ಸಿ ಅಚ್ಚು ಹೊಯ್ತೀರಾ?" ಎಂದರೆ, ನೀಲಿ ಗಾಜು ಕಣ್ಣಿಗೆ ಹಿಡಿದು ಕೈ ಬೀಸುತ್ತಿದ್ದರು. ಅಷ್ಟು ನೆಮ್ಮದಿಯಾಗಿ ಅವರನ್ನು ನಾನು ನೋಡಿರಲಿಲ್ಲ.

ಅಕ್ಕ ಬಂದವಳು ಬಾಗಿಲಲ್ಲೇ ಮೂಗು ಹಿಡಿದಳು. ಕಾದ ಎಣ್ಣೆಯ ವಾಸನೆ. ಅಟ್ಟ ಹತ್ತಿ ನೋಡಿದರೆ ಕೆಳಗಿನ ಸಾಲಿನ ಕಾಯಿಗಳ ಸಿಪ್ಪೆ ಕರಕಲಾಗಿ ಹೋಗಿತ್ತು. ಒಂದನ್ನು ಸುಲಿದು ಒಡೆದಳು. ತಿರುಳು ಚಿಪ್ಪಿಗೆ ಕಚ್ಚಿ, ಕಂದಿ, ಎಣ್ಣೆ ಬಿಟ್ಟಿತ್ತು. ಇನ್ನೊಂದೂ ಹಾಗೇ. ಮೇಲಿನ ಸಾಲು ಉಳಿದಿತ್ತು, ಅಟ್ಟಕ್ಕೇ ಬೆಂಕಿ ಬೀಳದಿದ್ದದ್ದು ಪುಣ್ಯ. ಆದರೆ ಕೆಟ್ಟದ್ದು ಸಣ್ಣ ಪಾಲಲ್ಲ.

ಅಕ್ಕನ ಬಾಯಿ ಬೀದಿಗೆಲ್ಲ ಗೊತ್ತು. "ಹೊಗೆ ಹಾಕಿ ಅಂದ್ರೆ ಹೆಣ ಸುಟ್ಟಂಗೆ ಸುಟ್ಟಿದ್ದೀರಲ್ಲ ಮಾವ! ಕಬ್ಬಿಣ ಅನ್ಕಂಡ್ರಾ ನನ್ ಕಾಯ್ನ? ನಿಮ್ ಫರ್ನೇಸ್ ಹೋಯ್ತು ಅಂತ ನಮ್ಮಟ್ಟನೂ ಹೋಗ್ಬೇಕಾ?"

ಮಾವ ಗಾಜನ್ನು ಜೇಬಿಗೆ ಹಾಕಿಕೊಂಡರು. ಎರಡು ದಿನ ಬಿಟ್ಟು ಅಕ್ಕ, ಆ ಕೆಟ್ಟ ಕಾಯಿಗಳನ್ನೆಲ್ಲ ಸುಲಿಸಿ, ತಿರುಳನ್ನು ಎಣ್ಣೆ ಗಾಣಕ್ಕೆ ಕಳಿಸಿ, ಚಿಪ್ಪನ್ನು ಬಿದಿರಿನ ಮಂಕರಿಗಳಲ್ಲಿ ತುಂಬಿಸಿ ಅವರ ಬಾಗಿಲಿಗೆ ಸುರಿಸಿದಳು. "ನೀವೇ ಬೇಯ್ಸಿದ್ದು, ನೀವೇ ಸುಟ್ಕಳಿ." ಈ ಮಾತು ಆಡಿದ್ದೇನೆಂದು ಅಕ್ಕನೂ ಒಪ್ಪುತ್ತಾಳೆ, ಹಾಗಾಗಿ ಇಷ್ಟು ಮಟ್ಟಿಗೆ ಇದು ಖಚಿತ.

ಆ ಸಂಜೆ ಮಾವ ಚಿಪ್ಪುಗಳನ್ನು ಒಲೆಗೆ ತುರುಕಿ, ಅವು ಕೆಂಪಗೆ ಹಿಡಿದುಕೊಂಡ ಮೇಲೆ, ಬಾಯಿಗೆ ಒಂದು ತಗಡು ಇಟ್ಟು, ಅದರ ಸುತ್ತ ಬೂದಿ ಸುರಿದು, ಒದ್ದೆ ಮಣ್ಣು ಮೆತ್ತಿ, ಎದ್ದು ಹೋಗಿ ಮಲಗಿಬಿಟ್ಟರು. ಬೆಳಗ್ಗೆ ಬೀದಿಯ ಕೊನೆಯಲ್ಲಿ ಹೊಗೆ ಇರಲಿಲ್ಲ. ಬಿಸಿನೀರಿಗೆಂದು ತಂಬಿಗೆ ಹಿಡಿದು ಹೋದವರು ಹಾಗೇ ವಾಪಸು ಬಂದರು. ಅತ್ತೆ ನಮ್ಮ ಮನೆಗೆ ಬಂದು ಅಮ್ಮನ ಹತ್ತಿರ, "ಒಲೆ ಆರ್ಸವ್ರೆ ಕಣಕ್ಕ" ಎಂದಷ್ಟೇ ಹೇಳಿ ಕೂತರು. ಯಾರದೋ ಜೀವ ಹೋಗಿದೆ ಎಂದು ಹೇಳಲು ಬಂದವರ ಹಾಗೆ. ಇಷ್ಟು ದಿನ ಆ ಒಲೆಯನ್ನು ಬೈದವರೇ ಅವರು. ಅದು ಆರಿದ ಮೇಲೆ ಮನುಷ್ಯ ಊಟ ಮಾಡುತ್ತಿಲ್ಲ, ಮಾತಾಡುತ್ತಿಲ್ಲ. ಗಂಡ ಬದುಕಿ ಉಳಿಯುತ್ತಾರೋ ಇಲ್ಲವೋ ಎಂಬ ಭಯ ಅತ್ತೆಯ ಮುಖದಲ್ಲಿ ಕಾಣುತ್ತಿತ್ತು.

ಮಾರನೆಯ ದಿನ ಅತ್ತೆ ತಾವೇ ಒಲೆ ಹಚ್ಚಲೆಂದು ಮಣ್ಣು ಒಡೆದು ತಗಡು ತೆಗೆದರು. ಒಳಗೆ ಬೂದಿ ಇರುತ್ತದೆ ಎಂದುಕೊಂಡಿದ್ದರು. ಚಿಪ್ಪುಗಳು ಚಿಪ್ಪುಗಳಾಗಿಯೇ ಇದ್ದವು. ಕಪ್ಪಗೆ, ಹೊಳೆಯುತ್ತಾ, ಅಂಚು ಕೂಡ ಮುಕ್ಕಾಗದೆ. ಎರಡನ್ನು ತಂದು ಮಲಗಿದ್ದ ಗಂಡನ ಕಿವಿಯ ಹತ್ತಿರ ಒಂದಕ್ಕೊಂದು ತಟ್ಟಿದರಂತೆ. ಟಣ್ ಎಂದಿತಂತೆ, ಕಬ್ಬಿಣದ ಹಾಗೆ. ಮಾವ ಎದ್ದು ಕೂತರು.

ಅವರು ಸುಮ್ಮನೆ ಕೂರುವವರಲ್ಲ ಎಂದು ಆಗ ಎಲ್ಲರಿಗೂ ಮತ್ತೆ ಗೊತ್ತಾಯಿತು. ತುಂಡು ಮುರಿದು ನೋಡಿದರು, ನೆಕ್ಕಿಯೂ ನೋಡಿದರೆಂದು ಅತ್ತೆ ಹೇಳುತ್ತಿದ್ದರು. ಹೊನ್ನವಳ್ಳಿಯ ಇಸ್ತ್ರಿ ಅಂಗಡಿಯವನಿಗೆ ಒಂದು ಚೀಲ ಕೊಟ್ಟು ಬಂದರು. ಕಿಡಿ ಹಾರುವುದಿಲ್ಲ, ಬಟ್ಟೆ ಸುಡುವುದಿಲ್ಲ, ಹೊತ್ತು ನಿಲ್ಲುತ್ತದೆ, ಇನ್ನೂ ಕೊಡಿ ಎಂದು ಅವನೇ ಹುಡುಕಿಕೊಂಡು ಬಂದ. ಕಾರ್ಖಾನೆಯ ಕುಲುಮೆಯೂ ಅದರ ಮೊದಲ ಕಾಲದಲ್ಲಿ ಓಡಿದ್ದು ಮರದ ಇದ್ದಲಿನಲ್ಲಿ ಎಂದು ತಮ್ಮ ಹಿರಿಯರು ಹೇಳುತ್ತಿದ್ದದ್ದನ್ನು ಮಾವ ನನಗೆ ಹೇಳಿದರು. ನಾನು ಅದನ್ನು ನಂಬಿರಲಿಲ್ಲ. ಆಮೇಲೆ ಓದಿ ನೋಡಿದರೆ ನಿಜವೇ.

ಕೆರೆ ಏರಿಯ ಆಚೆಯ ಅರ್ಧ ಎಕರೆಯ ಮೂಲೆಯಲ್ಲಿ ಗುಂಡಿ ತೋಡಿದರು. ಇಡೀ ಊರು ಬಿಸಾಡುವ ಚಿಪ್ಪು ಕೇಳಿ ತಂದರು. ಅಕ್ಕನೂ ಒಂದು ಗಾಡಿ ಕಳಿಸಿದಳು, ಮೂತಿ ತಿರುಗಿಸಿಕೊಂಡೇ. ಎಲ್ಲ ಸಿದ್ಧವಾಗಿದ್ದಾಗ ಹಳೆಯ ಜೊತೆಗಾರರೊಬ್ಬರ ಫೋನು ಬಂತು. ಈ ಸಲ ಖಂಡಿತ, ಕುಲುಮೆ ಹಚ್ಚುತ್ತಾರಂತೆ, ಹಳಬರನ್ನು ಕರೆಯುತ್ತಾರಂತೆ. ಮಾವ ಪತ್ರಿಕೆ ತಂದು ನನ್ನ ಮುಂದೆ ಹಿಡಿದರು. ನಾನು ಹುಡುಕಿದೆ. ಪರಿಶೀಲನೆಯಲ್ಲಿದೆ ಎಂದಿತ್ತು. ಓದಿ ಹೇಳಿದೆ. ಈ ಸಲ ನಾನು ಅರ್ಥ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಗುಂಡಿಗೆ ಬೆಂಕಿ ಕೊಟ್ಟ ದಿನ ಅರ್ಧ ಬೀದಿ ಅಲ್ಲಿತ್ತು. ಹೊಗೆ ಎಂದರೆ ಕಣ್ಣು ಬಿಡಲಾಗದ ಹೊಗೆ. ಅದರಲ್ಲಿ ಚೆಂದವೇನೂ ಇರಲಿಲ್ಲ, ಎಲ್ಲರೂ ಕೆಮ್ಮಿ ಸುಸ್ತಾದೆವು. ಹೊತ್ತು ಇಳಿಯುವಾಗ ಹೊಗೆ ತೆಳುವಾಗಿ, ಗುಂಡಿಯ ಚಿಪ್ಪೆಲ್ಲ ಒಂದೇ ಕೆಂಪಾಯಿತು. ಆಗಲೇ ಮಣ್ಣು ಮುಚ್ಚಿ ಗಾಳಿ ಕಟ್ಟಬೇಕು. ತಡವಾದಷ್ಟೂ ಇದ್ದಲು ಬೂದಿಯಾಗುತ್ತಾ ಹೋಗುತ್ತದೆ. ಒದ್ದೆ ಮಣ್ಣಿನ ಮಂಕರಿಗಳು ಸಾಲಾಗಿ ಇದ್ದವು. ಎಲ್ಲರೂ ಮಾವನ ಮುಖ ನೋಡುತ್ತಿದ್ದರು. ಅವರು ನೀಲಿ ಗಾಜಿನಲ್ಲಿ ನೋಡುತ್ತಲೇ ಇದ್ದರು. ಅಂಚಿನ ಚಿಪ್ಪುಗಳ ಮೇಲೆ ಬಿಳಿ ಬೂದಿ ಕಾಣತೊಡಗಿತು. ಅವರ ಇನ್ನೊಂದು ಕೈ ಕಿವಿಯನ್ನು ಉಜ್ಜುತ್ತಿತ್ತು.

ಆಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಒಂದು ಮಂಕರಿ ಎತ್ತಿದರು. "ರೀ, ಮುಚ್ಚಿದ್ರೇನೇ ಉಳಿಯೋದು. ನೋಡಿದ್ ಸಾಕು" ಎಂದು ಮಣ್ಣನ್ನು ಬೆಂಕಿಯ ಮೇಲೆ ಚೆಲ್ಲಿದರು. ಬುಸ್ಸೆಂದಿತು. ಮಾವ ಗಾಜು ಇಳಿಸಿ, ಹೆಂಡತಿಯನ್ನು ನೋಡಿ, ಎರಡನೆಯ ಮಂಕರಿ ಎತ್ತಿದರು...

ಆ ಗುಂಡಿಯ ಇದ್ದಲು ಚೆನ್ನಾಗಿ ಬಂತು. ಮಾವ ಮನೆಗೆ ಹೋಗಿ ಟ್ರಂಕಿನ ಹಗ್ಗ ಬಿಚ್ಚಿದರು. ಒಳಗಿನ ಬಟ್ಟೆಬರೆ ಗೂಡಿಗೆ ಹೋಯಿತು, ಟ್ರಂಕು ಇದ್ದಲು ಇಡಲು ಹೋಯಿತು. ಬಚ್ಚಲೊಲೆ ಮತ್ತೆ ಹೊತ್ತಿತು. ಮುಂದಿನ ಮಳೆಗಾಲಕ್ಕೇ ಅರ್ಧ ಎಕರೆಗೆ ಸಸಿ ಇಟ್ಟರು. ಗಾಳಿ ಊದಿ ಬದುಕಿದ್ದ ಮನುಷ್ಯ ಆಮೇಲಿನ ವರ್ಷಗಳನ್ನೆಲ್ಲ ಗಾಳಿ ಕಟ್ಟುವುದರಲ್ಲಿ ಕಳೆದರು. ನನಗೆ ಕೆಲಸ ಸಿಕ್ಕಿತು, ಊರು ಬಿಟ್ಟೆ.

ನನ್ನ ನೆನಪು ಇದು. ಫಿಲ್ಟರು ಕೆಟ್ಟ ದಿನ ರಿಪೇರಿಯವನು ಹೋದ ಮೇಲೆ ಅಕ್ಕನಿಗೆ ಫೋನು ಮಾಡಿ, ಇಷ್ಟನ್ನೂ ಹೇಳಿದೆ. ಅಕ್ಕ ಕೊನೆಯವರೆಗೂ ಕೇಳಿ ಜೋರಾಗಿ ನಕ್ಕಳು.

"ಅತ್ತೆ ಎಲ್ಲೋ ಹಾಕಿದ್ದು? ಅವ್ಳು ಸೆರಗು ಬಾಯಿಗಿಟ್ಕಂಡು ಅಳ್ತಾ ನಿಂತಿದ್ಲು. ಮೊದಲನೇ ಮಂಕರಿ ಹಾಕಿದ್ದು ನಾನು. ನನ್ ಚಿಪ್ಪು ಬೂದಿ ಆಗೋದು ನೋಡ್ಕಂಡು ನಿಲ್ಲಕ್ಕಾಯ್ತಿತ್ತಾ? ಅದಿರ್ಲಿ, ನೀನ್ ಅವತ್ತು ಊರಲ್ಲೇ ಇರ್ಲಿಲ್ಲವಲ್ಲೋ. ಇಂಟರ್‌ವ್ಯೂ ಅಂತ ಶಿವಮೊಗ್ಗಕ್ಕೆ ಹೋಗಿದ್ದೆ. ವಾಪಸ್ ಬಂದ್ಮೇಲೆ ನಾನೇ ನಿಂಗೆ ಹೇಳಿದ್ದು."

ಫೋನು ಇಟ್ಟೆ. ಶಿವಮೊಗ್ಗದ ಸಂದರ್ಶನ ನಿಜ. ಅದು ಯಾವ ದಿನ ಎಂಬುದಕ್ಕೆ ನನ್ನ ಹತ್ತಿರ ಆಧಾರ ಇಲ್ಲ. ಹೊಗೆ, ಕೆಮ್ಮು, ಬುಸ್ಸೆಂದ ಸದ್ದು, ಕಿವಿ ಉಜ್ಜುತ್ತಿದ್ದ ಆ ಕೈ, ಎಲ್ಲ ಕಣ್ಣ ಮುಂದಿದೆ. ಬೂಟುಗಳೂ ಕಣ್ಣ ಮುಂದೇ ಇದ್ದವಲ್ಲ... ವಿದ್ಯಾರ್ಥಿಯೊಬ್ಬ ಇಂಥ ಸಾಕ್ಷ್ಯ ತಂದಿದ್ದರೆ ನಾನು ತೆಗೆದುಹಾಕುತ್ತಿದ್ದೆ. ತಡೆಯಲಾಗದೆ ಮುಂದಿನ ಭಾನುವಾರ ಊರಿನ ಬಸ್ಸು ಹತ್ತಿದೆ.

ಮಾವ ತೀರಿಹೋಗಿ ಕೆಲವು ವರ್ಷಗಳಾಗಿವೆ. ಅವರು ಹೋದಾಗ ನಾನು ಬರಲಾಗಿರಲಿಲ್ಲ. ಆ ಕುಲುಮೆಯನ್ನು ಮತ್ತೆ ಯಾರೂ ಹಚ್ಚಲಿಲ್ಲ. ಒಮ್ಮೆ ಕೆಲಸದ ಮೇಲೆ ಆ ಕಾರ್ಖಾನೆಯ ಊರಿನ ಮೂಲಕ ಹಾದುಹೋಗಿದ್ದೆ. ಕ್ವಾರ್ಟರ್ಸಿನ ಗೋಡೆಗಳ ಬಿರುಕಿನಲ್ಲಿ ಅರಳಿ ಗಿಡ ಬೆಳೆದಿತ್ತು, ಚಿಮಣಿಯ ಮೇಲೆ ಆಕಾಶ ಶುಭ್ರವಾಗಿತ್ತು. ಊರು ಬಹಳ ನಿಶ್ಶಬ್ದವಾಗಿದೆ ಅನ್ನಿಸಿತು. ಬಸ್ಸಿನ ಕಿಟಕಿಯಲ್ಲಿ ನನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡಿದ್ದೆ.

ನಾನು ಊರು ತಲುಪಿದಾಗ ಅತ್ತೆ ಮನೆಯಲ್ಲಿ ಇರಲಿಲ್ಲ. ಹಿತ್ತಲಿಗೆ ಹೋಗಿ ಇಣುಕಿದೆ. ಮಗಳು ಮನೆಯ ಮೇಲೆ ಸೋಲಾರ್ ಹಾಕಿಸಿದ್ದಾಳೆ, ಆದರೂ ಬಚ್ಚಲೊಲೆಯ ಬೂದಿಯೊಳಗೆ ಕೆಂಡ ಇತ್ತು. ಕೆರೆ ಏರಿಯ ಆಚೆಗೆ ನಡೆದೆ. ಅಂದಿನ ಸಸಿಗಳು ತಲೆ ಎತ್ತಿ ನೋಡುವಷ್ಟು ಬೆಳೆದು, ಗೊನೆ ಗೊನೆ ಕಾಯಿ ಹೊತ್ತಿದ್ದವು. ಮೂಲೆಯ ಗುಂಡಿ ಈಗಿಲ್ಲ. ಅಲ್ಲಿ ಶೀಟಿನ ಶೆಡ್ಡು, ದೊಡ್ಡ ದೊಡ್ಡ ಕಬ್ಬಿಣದ ಡ್ರಮ್ಮುಗಳು, ಅವಕ್ಕೆ ಎತ್ತರದ ಹೊಗೆಕೊಳವೆ. ಮಾವನ ಮಗಳು ಬೀದಿಯ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು ಚಿಪ್ಪು ಸುಡಿಸುತ್ತಾಳೆ. ಚೀಲಗಳು ಲಾರಿಗೆ ಸಿದ್ಧವಾಗಿ ನಿಂತಿದ್ದವು. ನನ್ನ ಮನೆಯ ನೀರಿಗೆ ಬಂದದ್ದು ಇಲ್ಲಿಯದೇ ಎಂದು ಹೇಳಲು ಆಧಾರ ಇಲ್ಲ. ಅಲ್ಲ ಎನ್ನಲೂ ಇಲ್ಲ.

ಟ್ರಂಕು ಶೆಡ್ಡಿನ ಬಾಗಿಲಲ್ಲಿತ್ತು, ಅದರ ಮೇಲೆ ಅತ್ತೆ ಕೂತಿದ್ದರು. ಕೂದಲು ಪೂರ್ತಿ ನೆರೆತಿದೆ, ನಗು ಹಾಗೇ ಇದೆ. ನಾನು ಬಂದ ಕಾರಣ ಹೇಳಿದೆ. ಅಕ್ಕ ಹೇಳಿದ್ದನ್ನೂ ಹೇಳಿದೆ.

"ನಿಮ್ಮಕ್ಕ ಹಂಗೇ ಹೇಳ್ಕಂಡು ತಿರುಗ್ತಾಳೆ ಬುಡು. ನಾನೂ ಹಾಕ್ಲಿಲ್ಲ, ಅವ್ಳೂ ಹಾಕ್ಲಿಲ್ಲ ಕಣಪ್ಪ. ಅವ್ರೇ ಹಾಕಿದ್ದು. ನೋಡಿದ್ರು, ನೋಡಿದ್ರು, ಗಾಜು ನನ್ ಕೈಗೆ ಕೊಟ್ರು. ಅವ್ರೇ ಮುಚ್ಚಿದ್ರು."

ನಿಜವೇ ಇರಬಹುದು. ಇಷ್ಟು ವರ್ಷ ಜೊತೆಗಿದ್ದು, ಆ ಮಂಕರಿಯನ್ನು ಗಂಡನ ಕೈಗೆ ಇವರು ನೆನಪಿನಲ್ಲಿ ತಾವೇ ಕೊಟ್ಟಿರಲೂಬಹುದು. "ಅತ್ತೆ, ನಾನು ಅವತ್ತು ಅಲ್ಲಿದ್ದೆನಾ?" ಎಂದು ಕೇಳಿದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. "ಜ್ಞಾಪಕ ಇಲ್ಲ ಕಣಪ್ಪ. ಹೊಗೆ ಎಷ್ಟಿತ್ತು ಅಂತೀಯ!"

ಅಷ್ಟರಲ್ಲಿ ಮಗಳು ಒಂದು ಡ್ರಮ್ಮಿನ ಹತ್ತಿರ ನಿಂತು ಕರೆದಳು. ಚಿಪ್ಪು ಕೆಂಪಗೆ ಹಿಡಿದಿತ್ತು. ಕಂಬದ ಮೊಳೆಗೆ ನೇತುಹಾಕಿದ್ದ ನೀಲಿ ಗಾಜು ತೆಗೆದು ನೋಡಿದಳು. ಚೌಕಟ್ಟಿನ ಒಂದು ಮೂಲೆ ಮುರಿದಿದೆ, ದಾರ ಸುತ್ತಿದ್ದಾರೆ. ಈ ಬೆಂಕಿಗೆ ಆ ಗಾಜು ಬೇಕಿಲ್ಲ. "ಅಪ್ಪ ಮುಚ್ಚೋಕ್ ಮುಂಚೆ ಒಂದ್ ಸಲ ನೋಡೋರು ಅಣ್ಣ, ನಂಗೂ ಅದೇ ಆಗೋಗಿದೆ" ಎಂದು ನನ್ನ ಕೈಗೆ ಕೊಟ್ಟಳು. ನಾನೂ ನೋಡಿದೆ. ನೀಲಿಯೊಳಗೆ ಚಿಪ್ಪುಗಳು ಒಂದೊಂದೂ ಬೇರೆಬೇರೆಯಾಗಿ, ಸ್ಪಷ್ಟವಾಗಿ ಕಂಡವು. ಅವರು ಏನನ್ನು ನೋಡುತ್ತಿದ್ದರೋ ಅದು ಕಾಣಲಿಲ್ಲ. ಅದನ್ನು ಕೇಳೋಣವೆಂದರೆ ಅವರಿಲ್ಲ... ಪತ್ರಿಕೆಯ ಸಾಲಿಗೆ ಅರ್ಥ ಹೇಳುತ್ತಾ ಕೂತ ಹೊತ್ತಿನಲ್ಲಿ ಇದನ್ನು ಅವರನ್ನೇ ಕೇಳಬಹುದಾಗಿತ್ತು.

ಹೆಂಗಸರು ಡ್ರಮ್ಮಿನ ಬಾಯಿಗೆ ಮುಚ್ಚಳ ಇಟ್ಟರು. ಅಂಚಿನ ಸಂದಿಗಳಿಂದ ಇನ್ನೂ ಬೆಳಕು ಇಣುಕುತ್ತಿತ್ತು. ಅತ್ತೆ ಟ್ರಂಕಿನಿಂದ ಎದ್ದು ಬಂದು, ಕಲೆಸಿಟ್ಟ ಒದ್ದೆ ಮಣ್ಣಿನ ಬಾಂಡ್ಲಿಯನ್ನು ನನ್ನ ಕಡೆ ನೂಕಿದರು.

"ಇವತ್ತು ನೀನೇ ಹಾಕಪ್ಪ. ಆಮೇಲೆ ಯಾರ್ ಹಾಕಿದ್ದು ಅಂತ ಊರೂರು ಕೇಳ್ಕಂಡ್ ತಿರುಗೋದು ಬ್ಯಾಡ."

ಹೆಂಗಸರು ನಕ್ಕರು. ನಾನು ಅಂಗಿಯ ತೋಳು ಮಡಚಿ, ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡು ಸಂದಿಗೆ ಮೆತ್ತಿದೆ. ಬುಸ್ಸೆಂದಿತು. ಕಾದ ಹಸಿ ಮಣ್ಣು, ಒಳಗೆ ಸಣ್ಣಗೆ ಸಿಹಿಯಾದ ಹೊಗೆ. ಪಕ್ಕದಲ್ಲಿದ್ದ ಹೆಂಗಸನ್ನು, "ವಾಸನೆ ಬರ್ತಾ ಇದೆ ಅಲ್ವಾ?" ಎಂದು ಕೇಳಿದೆ.

"ಬರ್ದೆ ಇರ್ತದಾ ಸಾರ್? ಬ್ಯಾಗ ಮೆತ್ತಿ, ಒಳಕ್ಕೆ ಗಾಳಿ ಹೋಗ್ತಾ ಅದೆ" ಎಂದಳು.